ನೆಲಗುಳ್ಳದ ಹೊಗೆ ಮತ್ತು ಏಳು ಹುಳ

ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಗೆ ಹೋದವರೆಲ್ಲ ಮಾಡುವುದನ್ನೇ ನಾನೂ ಮಾಡಿದೆ. ನವರಂಗದ ಕಂಬದ ಮುಂದೆ ನಿಂತು ಮುಖ ನೋಡಿಕೊಂಡೆ. ಹಿಂದಿನ ರಾತ್ರಿಯೆಲ್ಲ ಎಡ ದವಡೆ ಸಿಡಿದು ನಿದ್ದೆಯಿಲ್ಲ, ಕೆನ್ನೆ ಬೋಂಡದಂತೆ ಊದಿತ್ತು. ಕಂಬದಲ್ಲಿ ಮಾತ್ರ ಸಪೂರವಾದ, ತಪಸ್ವಿಯಂಥ ಮುಖ. ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಬಸದಿ ನನ್ನ ಮೇಲೆ ಇಷ್ಟಾದರೂ ಕರುಣೆ ತೋರಿತಲ್ಲ ಎಂದುಕೊಂಡೆ.

ಈ ಕಂಬಗಳದು ಬಳಪದ ಕಲ್ಲಿನ ಜಾತಿ. ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಬಳಪದ ಮುಖ್ಯ ಖನಿಜಕ್ಕೆ 1, ಹಲ್ಲಿನ ಮೇಲ್ಪದರವಾದ ಎನಾಮಲ್‌ಗೆ ಸುಮಾರು 5. ಉಗುರಿಗೂ ಸೋಲುವ ಬಳಗದ ಕಲ್ಲು ಒಂಬತ್ತು ಶತಮಾನ ಹೊಳೆಯುತ್ತ ನಿಂತಿದೆ. ದೇಹದಲ್ಲೇ ಅತಿ ಗಟ್ಟಿಯಾದ ವಸ್ತು ನನ್ನ ಬಾಯಲ್ಲಿ ಐವತ್ತು ವರ್ಷ ಬಾಳಲಿಲ್ಲ.

ಹೊರಗೆ ಎಳನೀರು ಮಾರುತ್ತಿದ್ದ ಅಜ್ಜಿ ಕೆನ್ನೆ ನೋಡಿದ್ದೇ ರೋಗ ಹಿಡಿದುಬಿಟ್ಟರು. "ಹಲ್ಲೇನಪ್ಪಾ? ಹುಳ ಬಿದ್ದೈತೆ ಕಣಪ್ಪ. ನೆಲಗುಳ್ಳದ ಬೀಜದ ಹೊಗೆ ಹಿಡಿ, ಬುಳುಬುಳು ಅಂತ ಉದುರ್ತವೆ."

"ನೀವು ಕಣ್ಣಾರೆ ನೋಡಿದ್ದೀರಾ ಅಜ್ಜಿ?"

"ನನ್ನ ಹಲ್ಲಿಂದ್ಲೇ ಏಳು ಬಿದ್ವು!"

ವಿಧಾನವನ್ನೂ ಹೇಳಿದರು. ಕೆಂಡದ ಮೇಲೆ ಎಣ್ಣೆ ಸವರಿದ ಬೀಜ ಹಾಕಬೇಕು, ಪರಂಗಿ ಎಲೆಯ ತೊಟ್ಟನ್ನು ಕೊಳವೆ ಮಾಡಿ ಹೊಗೆಯನ್ನು ಹುಳುಕಿಗೆ ಬಿಡಬೇಕು, ಜೊಲ್ಲನ್ನು ನೀರಿನ ಬಟ್ಟಲಿಗೆ ಸುರಿಸಬೇಕು. ಬಟ್ಟಲಲ್ಲಿ ಬಿಳಿ ಹುಳ ತೇಲುತ್ತವೆ.

ಅಂದಿನಿಂದ ಈ ಹುಳ ನನ್ನ ತಲೆ ಹೊಕ್ಕಿದೆ. ನಮ್ಮ ನುಡಿಯೇ ಅಜ್ಜಿಯ ಪಕ್ಷ. ಹಲ್ಲು ಕೊಳೆತರೆ ಅದಕ್ಕೆ 'ಹುಳುಕು' ಎನ್ನುತ್ತೇವೆ. ಸುಶ್ರುತ ಸಂಹಿತೆ 'ಕ್ರಿಮಿದಂತಕ' ಎನ್ನುತ್ತದೆ. ಬ್ಯಾಬಿಲೋನಿನ ಮಣ್ಣಿನ ಫಲಕದಲ್ಲೂ ಹಲ್ಲಿನ ಹುಳದ ಮಂತ್ರವಿದೆ. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯರ್ ಫೊಶಾರ್, ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಹುಳ ಕಾಣಲಿಲ್ಲ ಎಂದು ಬರೆದ.

ಹಾಗಾದರೆ ಬಟ್ಟಲಲ್ಲಿ ತೇಲಿದ್ದೇನು? ಯುರೋಪಿನಲ್ಲೂ ಇದೇ ಹೊಗೆ ಚಿಕಿತ್ಸೆ ಇತ್ತು, ಬೀಜ ಮಾತ್ರ ಹೆನ್‌ಬೇನ್ ಗಿಡದ್ದು. ಸಂತೆಯ ವೈದ್ಯರು ಲ್ಯೂಟ್ ವಾದ್ಯದ ತಂತಿಯ ಚೂರುಗಳನ್ನು ನೀರಿಗೆ ಹಾಕಿ ಹುಳವೆಂದು ನಂಬಿಸುತ್ತಾರೆ ಎಂದು ಇಂಗ್ಲೆಂಡಿನ ಜಾನ್ ಜೆರಾರ್ಡ್ 1597ರಲ್ಲೇ ಗುಟ್ಟು ರಟ್ಟು ಮಾಡಿದ. ಆದರೆ ಅಜ್ಜಿಯನ್ನು ಮೋಸಗಾತಿ ಎನ್ನಲು ನನಗೆ ಮನಸ್ಸಿಲ್ಲ. ಹೆನ್‌ಬೇನ್, ನೆಲಗುಳ್ಳ, ಬದನೆ ಮೂರೂ ಒಂದೇ ಕುಟುಂಬದವು. ಊರಿಗೆ ಬಂದು ಬದನೆ ಬೀಜ ನೆನೆಹಾಕಿ ಉಗುರಿನಿಂದ ಹಿಸುಕಿದೆ. ಒಳಗಿಂದ ಬಿಳಿಯ, ಸುರುಳಿ ಸುತ್ತಿದ ಎಳೆಯೊಂದು ಜಾರಿಬಂತು. ಅದು ಬೀಜದ ಭ್ರೂಣ. ನೀರಲ್ಲಿ ಬಿಟ್ಟು ನೋಡಿದ ನನ್ನ ಹೆಂಡತಿ "ಥೂ, ಹುಳ" ಅಂದಳು. ಕೆಂಡದ ಮೇಲೆ ಬೀಜ ಸಿಡಿದರೆ ಇಂಥದ್ದೇ ಹಾರಿ ಬಟ್ಟಲಿಗೆ ಬೀಳುತ್ತದೆ ಎಂಬುದು ನನ್ನ ಊಹೆ.

ನಿಜವಾಗಿ ಹಲ್ಲು ತಿನ್ನುವುದು ಆಮ್ಲ. ಸಕ್ಕರೆ, ಬೆಲ್ಲ, ಬಿಸ್ಕತ್ತಿನ ಹಿಟ್ಟನ್ನು ಬಾಯಿಯ ಬ್ಯಾಕ್ಟೀರಿಯಾಗಳು ಹುಳಿ ಮಾಡುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಎನಾಮಲ್ ಕರಗತೊಡಗುತ್ತದೆ. ಅದರ ಕೆಳಗಿನ ದಂತದ್ರವ್ಯದ ತುಂಬ ಸೂಕ್ಷ್ಮ ಕೊಳವೆಗಳು. ತಣ್ಣೀರು ತಾಗಿದರೆ ಅವುಗಳೊಳಗಿನ ದ್ರವ ಸರಿದು ಜುಮ್ಮೆನ್ನುತ್ತದೆ. ಕ್ಷಣದಲ್ಲಿ ನಿಂತರೆ ಹಲ್ಲು ಉಳಿಸಿಕೊಳ್ಳಲು ಇನ್ನೂ ಕಾಲವಿದೆ. ಬಿಸಿ ಕಾಫಿಗೆ ನೋವೆದ್ದು ನಿಮಿಷಗಟ್ಟಲೆ ಸಿಡಿದರೆ ಒಳಗಿನ ತಿರುಳು ಕೆಟ್ಟಿದೆ. ಬೇರೆಡೆ ಬಾವು ಬಂದರೆ ಚರ್ಮ ಹಿಗ್ಗುತ್ತದೆ, ಹಲ್ಲಿನ ಗೋಡೆ ಹಿಗ್ಗದು. ಒತ್ತಡವೆಲ್ಲ ನರದ ಮೇಲೆ. ಮಲಗಿದರೆ ತಲೆಯ ಕಡೆ ರಕ್ತ ಹೆಚ್ಚಿ ನೋವೂ ಏರುತ್ತದೆ. ಹಲ್ಲುನೋವು ರಾತ್ರಿಯ ಕಾಯಿಲೆಯಾಗಿರುವುದು ಇದರಿಂದಲೇ. ದಿಂಬು ಎರಡಿರಲಿ.

ಲವಂಗದ ಎಣ್ಣೆಯ ಬಗ್ಗೆ ನನಗೆ ಪಕ್ಷಪಾತವಿದೆ. ಅದರ ಯೂಜಿನಾಲ್ ನರವನ್ನು ನಿಜವಾಗಿಯೂ ಜೋಮು ಹಿಡಿಸುತ್ತದೆ. ದಂತವೈದ್ಯರು ಸತುವಿನ ಆಕ್ಸೈಡ್ ಜೊತೆ ಕಲಸಿ ತಾತ್ಕಾಲಿಕವಾಗಿ ತುಂಬುವುದೂ ಅದನ್ನೇ. ಹತ್ತಿಗೆ ಒಂದು ಹನಿ ಸಾಕು, ಹೆಚ್ಚಾದರೆ ಒಸಡು ಸುಡುತ್ತದೆ. ಎಕ್ಕದ ಹಾಲು ಬೇಡವೇ ಬೇಡ. ಆಸ್ಪಿರಿನ್ ಮಾತ್ರೆಯನ್ನು ಒಸಡಿಗೆ ಒತ್ತಿಡುವ ಜಾಣತನವೂ ಬೇಡ, ಬಾಯೊಳಗೆ ಗಾಯವಾದೀತು. ಬೆಚ್ಚನೆ ಉಪ್ಪುನೀರು ಮುಕ್ಕಳಿಸಿ, ಮೈಗೆ ಒಗ್ಗುವ ಪ್ಯಾರಸಿಟಮಾಲ್ ನುಂಗಿ, ಬೆಳಗಾಗುವುದನ್ನು ಕಾಯಬಹುದು. ಜ್ವರ ಬಂದು, ಬಾಯಿ ತೆರೆಯಲು, ನುಂಗಲು ಕಷ್ಟವಾದರೆ ಬೆಳಗಿನ ತನಕವೂ ಕಾಯಬಾರದು. ಬರಿಯ ಆಂಟಿಬಯಾಟಿಕ್‌ನಿಂದ ತಿರುಳು ರಿಪೇರಿಯಾಗುವುದಿಲ್ಲ. ಬೇರುನಾಳ ಶುಚಿ ಮಾಡಬೇಕು, ಇಲ್ಲವೇ ಹಲ್ಲು ಕೀಳಬೇಕು.

ನನಗೆ ನಾಳ ಶುಚಿ ಮಾಡಿದ ವೈದ್ಯೆ ಮೊದಲು ಕೇಳಿದ್ದು, "ನಡುವೆ ನೋವು ತಾನಾಗೇ ನಿಂತಿತ್ತಾ?" ನಿಂತಿತ್ತು, ಇಡೀ ಒಂದು ತಿಂಗಳು. ಅದನ್ನು ನಾನು ಲವಂಗದ ಮಹಿಮೆ ಎಂದುಕೊಂಡಿದ್ದೆ. ಅಷ್ಟರಲ್ಲಿ ತಿರುಳು ಸತ್ತಿತ್ತು. ಸತ್ತ ನರಕ್ಕೆ ನೋವಿಲ್ಲ, ಕೀವು ಮಾತ್ರ ಸದ್ದಿಲ್ಲದೆ ಬೇರಿನ ತುದಿ ಸೇರುತ್ತದೆ. ಆ ಹೊತ್ತಿಗೆ ಕೈಯಲ್ಲಿದ್ದ ಔಷಧಿ ಯಾವುದೋ ಅದಕ್ಕೆ ಬಿರುದು: ಹೊಗೆ, ಮಂತ್ರ, ಲವಂಗ, ಏನಾದರೂ ಸರಿ.

ಕೆನ್ನೆ ಇಳಿದ ಮೇಲೆ ಮತ್ತೊಮ್ಮೆ ಬಸ್ತಿಹಳ್ಳಿಗೆ ಹೋದೆ. ಎಳನೀರು ಕುಡಿಯುತ್ತ ಕೇಳಿದೆ, "ಅಜ್ಜಿ, ಆ ಏಳು ಹುಳದ ಹಲ್ಲು ಈಗ ಹೆಂಗಿದೆ?"

"ಅದಾ? ಹೊಗೆ ಹಿಡಿದಮೇಲೆ ಒಂದು ದಿನಾನೂ ನೋಯ್ಲಿಲ್ಲ ಕಣಪ್ಪ," ಎಂದು ಅಜ್ಜಿ ಬಾಯಿ ಅಗಲಿಸಿ ಬೋಳು ಒಸಡು ತೋರಿಸಿದರು. "ಎರಡು ವರ್ಸಕ್ಕೆ ತಾನೇ ಉದುರೋಯ್ತು."