ಅಂಟು, ಅರಿವೆ ಮತ್ತು ಒಂದು ದ್ವೀಪನಗರ

ಪಶ್ಚಿಮ ಆಫ್ರಿಕದ ಸೆನೆಗಲ್ ನದಿಯು ಅಟ್ಲಾಂಟಿಕ್ ಸಾಗರವನ್ನು ಸೇರುವ ಮುನ್ನ, ಲಾಂಗ್ ದ ಬಾರ್ಬರಿ ಎಂಬ ಕಿರಿದಾದ ಮರಳದಿಣ್ಣೆಯು ಅದನ್ನು ತಡೆದು ದಕ್ಷಿಣಾಭಿಮುಖವಾಗಿ ಹರಿಯಿಸುವೆಡೆಯಲ್ಲಿ, ಸುಮಾರು 2 ಕಿಲೋಮೀಟರ್ ಉದ್ದದ ದ್ವೀಪವೊಂದುಂಟು. ಇಂದಿನ ಮಾರಿಟಾನಿಯದ ಗಡಿಗೆ ಸಮೀಪವಾದ ಈ ನೆಲದಲ್ಲಿ ಫ್ರೆಂಚ್ ವರ್ತಕರು 1659ರಲ್ಲಿ ಕೋಟೆ ಕಟ್ಟಿದರು. ಸೇಂ ಲೂಯಿ ನಗರದ ಮೂಲವದು. ಸಮುದ್ರದ ಅಲೆಗಳಿಂದ ರಕ್ಷಣೆ, ಒಳನಾಡಿಗೆ ಜಲಮಾರ್ಗ, ಉತ್ತರಕ್ಕೆ ಸಹಾರಾದ ಅಂಚು, ಈ ಮೂರೂ ಅಲ್ಲಿ ಒದಗಿದ್ದುವು.

ಗುಲಾಮರ ವ್ಯಾಪಾರದ ಕಳಂಕವು ಈ ನಗರಕ್ಕೂ ಅಂಟಿದೆ. ಆದರೆ ಇದರ ಸಂಪತ್ತಿನ ದೊಡ್ಡ ಆಧಾರವಾದುದು ಜಾಲಿಯ ಜಾತಿಯ ಮರಗಳಿಂದ ಒಸರುವ ಅಂಟು. ಬಟ್ಟೆಗೆ ಅಚ್ಚು ಹಾಕುವಾಗ ಬಣ್ಣ ಹರಡದಂತೆ ಗಟ್ಟಿಗೊಳಿಸಲು ಯುರೋಪಿನ ಕಾರ್ಖಾನೆಗಳಿಗೆ ಅದು ಬೇಕಾಗಿತ್ತು. ನದಿಯ ಉತ್ತರ ದಡದ ಮೂರ್ ಜನರು ಅಂಟನ್ನು ತಂದು, ಅದಕ್ಕೆ ಪ್ರತಿಯಾಗಿ ಪಡೆಯುತ್ತಿದ್ದುದು ನಮ್ಮ ಪಾಂಡಿಚೇರಿಯಲ್ಲಿ ನೀಲಿ ಅದ್ದಿದ ಹತ್ತಿಯ ಅರಿವೆಯನ್ನು. ವಾಸನೆ ನೋಡಿ, ಕೈಯಿಂದ ಸವರಿ ಅಸಲನ್ನು ಗುರುತಿಸಬಲ್ಲವರಾಗಿದ್ದ ಅವರು ಯುರೋಪಿನ ಅನುಕರಣೆಗಳನ್ನು ಸುಲಭವಾಗಿ ಒಪ್ಪುತ್ತಿರಲಿಲ್ಲ. ‘ಗಿನೇ’ ಎಂಬ ಆ ಅರಿವೆಯ ತಾನು ನದೀತೀರದಲ್ಲಿ ನಾಣ್ಯವಾಗಿಯೇ ಸಲ್ಲುತ್ತಿತ್ತು. ಕೆಳಗೆ ಉಗ್ರಾಣ, ಮೇಲೆ ವಾಸದ ಕೋಣೆಗಳು, ಬೀದಿಯತ್ತ ಚಾಚಿದ ಮರದ ಮೊಗಸಾಲೆ ಇರುವ ಅಲ್ಲಿಯ ಮನೆಗಳಲ್ಲಿ ಆ ವಾಣಿಜ್ಯವೇ ರೂಪ ತಳೆದಿದೆ.

1895ರಿಂದ 1902ರವರೆಗೆ ಫ್ರೆಂಚ್ ಪಶ್ಚಿಮ ಆಫ್ರಿಕದ ರಾಜಧಾನಿಯಾಗಿದ್ದ ಈ ನಗರ, ಬಳಿಕ ಆ ಪದವಿಯನ್ನು ಡಕಾರ್‌ಗೆ ಬಿಟ್ಟುಕೊಟ್ಟಿತು. ಆದರೂ ಸೆನೆಗಲ್‌ನ ಆಡಳಿತವು 1957ರವರೆಗೆ ಇಲ್ಲಿಯೇ ನಡೆಯಿತು. ಸ್ವಂತ ರಾಜಧಾನಿಯಿಲ್ಲದ ಮಾರಿಟಾನಿಯವನ್ನೂ ನದಿಯ ಈಚೆಯಿಂದಲೇ ಆಳಲಾಗುತ್ತಿತ್ತು. 2000ದಲ್ಲಿ ಯುನೆಸ್ಕೋ ದ್ವೀಪವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಮೂರು ವರ್ಷಗಳ ತರುವಾಯ, 2003ರ ಅಕ್ಟೋಬರಿನಲ್ಲಿ, ನೆರೆಯಿಂದ ನಗರವನ್ನು ಉಳಿಸಬೇಕೆಂಬ ಸದುದ್ದೇಶದಿಂದಲೇ ಮರಳದಿಣ್ಣೆಯಲ್ಲಿ 4 ಮೀಟರ್ ಅಗಲದ ಕಾಲುವೆಯನ್ನು ತೋಡಿದರು. ನೆರೆಯೇನೋ ಇಳಿಯಿತು, ಆದರೆ ಕೆಲವೇ ದಿನಗಳಲ್ಲಿ ನೂರಾರು ಮೀಟರುಗಳಿಗೆ ವಿಸ್ತರಿಸಿದ ಆ ಬಾಯಿಯು ಮುಂದೆ ಕಿಲೋಮೀಟರುಗಟ್ಟಲೆ ಹಿಗ್ಗಿತು. ದೂನ್ ಬಾಬಾ ದಿಯೇ ಎಂಬ ಗ್ರಾಮ ಸಮುದ್ರದ ಪಾಲಾಯಿತು; ಗಾಂಡಿಯೋಲ್ ಸೀಮೆಯ ತರಕಾರಿಯ ಹೊಲಗಳಿಗೆ ಉಪ್ಪುನೀರು ನುಗ್ಗಿತು.

ನದಿಯ ಸ್ವಭಾವವನ್ನು ಅರಿತು ನೆಲೆಗೊಂಡ ಪಟ್ಟಣವು ಮೂರು ಶತಮಾನ ಬಾಳಿತು. ಅದನ್ನು ಅರಿಯದೆ ಅಗೆದ ಕಾಲುವೆಯು ಒಂದು ಗ್ರಾಮವನ್ನೇ ನುಂಗಿತು. ಆದುದರಿಂದ ಸೇಂ ಲೂಯಿಯ ರಕ್ಷಣೆಯೆಂದರೆ ಹಳೆಯ ಮೊಗಸಾಲೆಗಳಿಗೆ ಬಣ್ಣ ಬಳಿಯುವುದಷ್ಟೇ ಅಲ್ಲ. ಆ ನದೀಮುಖವನ್ನೂ, ಅದನ್ನೇ ನಂಬಿ ಬದುಕುವ ಗೆಟ್ ನ್ದಾರ್ ಕೇರಿಯ ಬೆಸ್ತರನ್ನೂ, ಗಾಂಡಿಯೋಲಿನ ಒಕ್ಕಲುಗಳನ್ನೂ ಕಾಪಾಡುವುದೇ ಅದರ ನಿಜವಾದ ರಕ್ಷಣೆ.