ಕೋಲಿನಿಂದ ಕತ್ತಿಗೆ

ತಾಲೀಮು ಎಂದೊಡನೆ ನಮಗೆ ಕುಸ್ತಿ ನೆನಪಾಗುವುದು ಸಹಜ. ಆದರೆ ತಾಲೀಮುಖಾನೆಯ ವಿದ್ಯೆ ಕುಸ್ತಿಯಲ್ಲಿಯೇ ಮುಗಿಯುವಂಥದಲ್ಲ. ಕೋಲು, ಕತ್ತಿ, ಗುರಾಣಿಗಳ ವರಸೆಯೂ ಅದರ ಒಂದು ಅಂಗ. ಕೊಡ್ಲಿ, ಸೇಡಂ, ಚಿಂಚೋಳಿಗಳ ಈ ಸೀಮೆಗೆ ಶಸ್ತ್ರಾಭ್ಯಾಸದ ನೆನಪು ಬಲು ಹಳೆಯದು. ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (1126–1138) ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳನ್ನು ಹೇಳುವಾಗ ಶಸ್ತ್ರವಿದ್ಯೆಗೂ ಮಲ್ಲರ ಕಾಳಗಕ್ಕೂ ಬೇರೆಬೇರೆ ಸ್ಥಾನ ಕೊಟ್ಟಿದ್ದಾನೆ.

ಈ ವಿದ್ಯೆಯನ್ನು ಕಲಿಯುವ ಬಗೆ ಹೇಗೆ? ವರಸೆ ಎಂದರೆ ಸಾಲು, ಕ್ರಮ. ಉತ್ತರ ಆ ಮಾತಿನಲ್ಲಿಯೇ ಇದೆ. ಕೈಗೆ ಆಯುಧ ಬರುವ ಮುನ್ನ ಕಾಲು ಪಳಗಬೇಕು. ಮುಂದೆ, ಹಿಂದೆ, ಓರೆಗೆ ಹೆಜ್ಜೆಯಿಟ್ಟರೂ ಮೈಯ ತೂಕ ತಪ್ಪಬಾರದು. ಆಮೇಲೆ ಕೋಲು. ಅದರ ತುದಿಯ ವೇಗ ಹಿಡಿದ ಕೈಯ ವೇಗಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದುದರಿಂದ ತೋಳಿನ ಬಲದಿಂದ ಬೀಸುವವನು ಬೇಗ ದಣಿಯುತ್ತಾನೆ. ಮಣಿಕಟ್ಟನ್ನೂ ಸೊಂಟವನ್ನೂ ಹೊಂದಿಸಿಕೊಂಡವನು ದಣಿಯುವುದಿಲ್ಲ. ಬಳಿಕ ಜೋಡಿ ವರಸೆ: ಒಬ್ಬನ ಏಟು, ಇನ್ನೊಬ್ಬನ ತಡೆ. ಕಬ್ಬಿಣದ ಅಲಗು ಎಲ್ಲಕ್ಕಿಂತ ಕೊನೆಗೆ.

ದೂರದ ಜಪಾನಿನಲ್ಲಿಯೂ ಕ್ರಮ ಇದನ್ನೇ ಹೋಲುತ್ತದೆ. ಅಲ್ಲಿನ ಹಳೆಯ ಕತ್ತಿ ಸಂಪ್ರದಾಯಗಳಲ್ಲಿ ‘ಬೊಕೆನ್’ ಎಂಬ ಮರದ ಕತ್ತಿ ಹಿಡಿದು, ‘ಕತಾ’ ಎಂಬ ಗೊತ್ತುಪಡಿಸಿದ ಜೋಡಿ ವರಸೆಗಳನ್ನು ಅಭ್ಯಾಸ ಮಾಡುತ್ತಾರೆ. ಅವುಗಳಲ್ಲಿ ಸೋಲುವ ಪಾತ್ರ ಸಾಮಾನ್ಯವಾಗಿ ಹಿರಿಯನದು. ಏಟಿನ ಹೊತ್ತನ್ನೂ ದೂರವನ್ನೂ ಅವನು ಕಿರಿಯನ ಶಕ್ತಿಗೆ ತಕ್ಕಂತೆ ಅಳೆದು ಕೊಡುತ್ತಾನೆ. ಕಿರಿಯನು ಗೆಲ್ಲುತ್ತ ಗೆಲ್ಲುತ್ತ ಕಲಿಯುತ್ತಾನೆ.

1876ರಲ್ಲಿ ಜಪಾನಿನ ಸರಕಾರ ಕತ್ತಿ ಧರಿಸಿ ತಿರುಗುವುದನ್ನು ನಿಷೇಧಿಸಿತು. ಆದರೂ ಕೆಲವು ಸಂಪ್ರದಾಯಗಳು ಇಂದಿಗೂ ಉಳಿದಿವೆ. ಬಳಸದ ಆಯುಧವನ್ನು ಕಲಿತು ಫಲವೇನೆಂದು ಕೇಳಬಹುದು. ಎದುರಾಳಿಯ ನೆತ್ತಿಯ ಮೇಲೆ ಬೆರಳಗಲ ಉಳಿದಿರುವಾಗ ಏಟನ್ನು ತಡೆದು ನಿಲ್ಲಿಸಬಲ್ಲವನಿಗೆ ಕೋಪವನ್ನು ತಡೆಯುವ ಅಭ್ಯಾಸವೂ ಆಗಿರುತ್ತದೆ. ಫಲ ಅದೇ.

ಮೊಹರಂ ಮೆರವಣಿಗೆಯಲ್ಲಿಯೋ ಜಾತ್ರೆಯಲ್ಲಿಯೋ ಕೋಲು ತಿರುಗಿಸುವುದನ್ನು ನಾವು ಮೆಚ್ಚಿ ನೋಡುತ್ತೇವೆ. ಒಂಟಿಯಾಗಿ ತಿರುಗಿಸುವುದನ್ನು ನೋಡಿಯಾದರೂ ಕಲಿಯಬಹುದು. ಜೋಡಿ ವರಸೆಯನ್ನು ಕಲಿಯಬೇಕಾದರೆ ಎದುರಿಗೆ ಬಲ್ಲ ವಸ್ತಾದ ನಿಲ್ಲಲೇಬೇಕು. ಸೋಮೇಶ್ವರನ ಗ್ರಂಥ ನಮಗೆ ಉಳಿದಿದೆ. ಅವನ ಆಸ್ಥಾನದ ಭಟನ ಹೆಜ್ಜೆ ಉಳಿದಿಲ್ಲ. ಊರಿನಲ್ಲಿ ವರಸೆ ಬಲ್ಲ ಹಿರಿಯರಿದ್ದರೆ, ಅವರ ಕಾಲಲ್ಲಿ ಕಸುವಿರುವಾಗಲೇ ಹುಡುಗರು ಅವರೆದುರು ಕೋಲು ಹಿಡಿದು ನಿಲ್ಲಲಿ.