ಮನೆ ಕೊಳ್ಳುವ ಮೊದಲು ಪತ್ರದ ಬೇರು ನೋಡಿ

ಶೇಂಗಾ ಮಾರಿದ ಹಣದಲ್ಲಿ ಚಳ್ಳಕೆರೆಯಲ್ಲೋ ಮೊಳಕಾಲ್ಮೂರಿನಲ್ಲೋ ಮನೆ ಕೊಳ್ಳುವ ಯೋಚನೆಯಿದೆಯೇ? ಗೋಡೆ, ಸೂರು ನೋಡುವಷ್ಟೇ ಎಚ್ಚರದಿಂದ ಕಾಗದವನ್ನೂ ನೋಡಿ. ಮುಂಗಡ ಆಮೇಲೆ.

ಛಾಪಾ ಕಾಗದದ ಕರಾರು ಸಾಲದೇ? ಸಾಲದು. ಒಡೆತನ ಬರುವುದು ನೋಂದಾಯಿತ ಕ್ರಯಪತ್ರದಿಂದ. ಪವರ್ ಆಫ್ ಅಟಾರ್ನಿ ಬರೆಸಿಕೊಂಡರೂ ಮನೆ ನಿಮ್ಮದಾಗದೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿದೆ. ಪಂಚಾಯಿತಿ ಖಾತೆ ಕಂದಾಯಕ್ಕೆ ಆಧಾರವೇ ಹೊರತು ಒಡೆತನದ ಪತ್ರವಲ್ಲ.

ಮನೆಯ ಮೇಲೆ ಸಾಲವಿದೆಯೇ? ಉಪನೋಂದಣಾಧಿಕಾರಿ ಕಚೇರಿಯಲ್ಲಿ ಋಣಭಾರ ಪತ್ರ ಪಡೆಯಿರಿ. ನೋಂದಣಿಯಾಗದ ವ್ಯವಹಾರ ಅದರಲ್ಲಿ ಕಾಣದು. ಆದ್ದರಿಂದ ನಕಲಿಗೆ ಒಪ್ಪದೆ ಮೂಲ ಪತ್ರವನ್ನೇ ಕೇಳಿ. ಅದು ಬ್ಯಾಂಕಿನಲ್ಲಿ ಅಡವಿದ್ದೀತು.

ಯಾರ ಯಾರ ಸಹಿ ಬೇಕು? ಹಿಂದೂ ಕುಟುಂಬದ ಪಿತ್ರಾರ್ಜಿತ ಮನೆಯಾದರೆ, 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಮದುವೆಯಾಗಿ ಹೋದವರ ಸಹಿಯನ್ನೂ ಬಿಡಬೇಡಿ.

ಜಾಗ ಮೊದಲು ಯಾರದು? ಈ ಭಾಗದಲ್ಲಿ ಇದೇ ಮುಖ್ಯ ಪ್ರಶ್ನೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದರೆ ಕ್ರಯ ಅಸಿಂಧು. ಉಪವಿಭಾಗಾಧಿಕಾರಿ ಅದನ್ನು ಮಂಜೂರಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿ ಕೊಡಿಸಬಹುದು. 2023ರ ತಿದ್ದುಪಡಿಯ ಪ್ರಕಾರ ಅರ್ಜಿಗೆ ಕಾಲಮಿತಿಯೂ ಇಲ್ಲ. ಅಂಥ ಜಾಗದಲ್ಲಿ ಕಟ್ಟಿದ ಮನೆ ಎಷ್ಟೇ ಗಟ್ಟಿಯಿದ್ದರೂ ತಳವೇ ಸಡಿಲ. ಮಂಜೂರಿದಾರರು ನೀವೇ ಆಗಿದ್ದರೆ, ಈ ಕಾಯ್ದೆ ಇರುವುದೇ ನಿಮ್ಮ ರಕ್ಷಣೆಗೆಂದು ತಿಳಿಯಿರಿ.

ತಾಲ್ಲೂಕು ಕಚೇರಿಯಲ್ಲಿ ಮಂಜೂರಾತಿ ಕಡತ, ಹಳೆಯ ಪಹಣಿಗಳ ನಕಲು ಪಡೆದು ವಕೀಲರಿಗೆ ತೋರಿಸಿ. ಅವರು ಸರಿಯೆಂದ ಮೇಲೆ ಗಂಟು ಬಿಚ್ಚಿ.